ಖಾತೆಯಲ್ಲಿರುವ ಹೆಸರು

ರೂಟರಿನ ಮೂರು ದೀಪಗಳು ಹಸಿರಾಗಿದ್ದವು, ನಾಲ್ಕನೆಯದು ಮಾತ್ರ ಕೆಂಪಗೇ ಉಳಿದಿತ್ತು. ಶೀತಲ ರಿಸೆಪ್ಷನ್ ಟೇಬಲ್ಲಿನ ಕೆಳಗೆ ಮಂಡಿಯೂರಿ ಕೇಬಲ್ಲನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಒಳಗಿನ ಆರು ಕಂಪ್ಯೂಟರುಗಳು, ಒಂದು ಪ್ರಿಂಟರು ಆಗಲೇ ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಇಂಟರ್ನೆಟ್ ಮಾತ್ರ ಒಳಗೆ ಬರುತ್ತಿರಲಿಲ್ಲ.

"ಸೋಮವಾರ ಹತ್ತು ಗಂಟೆಗೆ ಫಸ್ಟ್ ಪೇಷಂಟ್ ಬುಕ್ ಆಗಿದಾರೆ. ಅಷ್ಟರಲ್ಲಿ ಆಗತ್ತೆ ಅಲ್ವಾ?" ಎಂದಳು ಅನಘಾ. ಮೆಲ್ಬರ್ನಿನ ಹೊರವಲಯದ ಕ್ರೇಗಿಬರ್ನ್‌ನ ಈ ಹೊಸ ಫಿಸಿಯೋಥೆರಪಿ ಕ್ಲಿನಿಕ್ ಅವಳದು. ಗೋಡೆಗಳಿಂದ ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ.

"ಇವತ್ತ ಆಗ್ತದರಿ. ಇಂಟರ್ನೆಟ್ ಕಂಪನಿಯವರು ಕೊಟ್ಟ ಪಾಸ್‌ವರ್ಡ್ ತಗೋವಲ್ದು. ಫೋನ್ ಮಾಡಿ ಕೇಳ್ತೀನಿ."

ಶೀತಲ ಅಂದು ಶನಿವಾರ ಬೆಳಗಿನ ವಿಮಾನದಲ್ಲಿ ಸಿಡ್ನಿಯಿಂದ ಬಂದಿದ್ದಳು. ಕರೆಸಿದವಳು ಪ್ರಾರ್ಥನಾ. ಇಬ್ಬರೂ ಧಾರವಾಡದ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು. ಎರಡು ವರ್ಷಗಳಿಂದ ಪ್ರತಿ ರವಿವಾರ ಫೋನಿನಲ್ಲಿ ಒಂದೇ ಮಾತು: ಸಣ್ಣ ಕ್ಲಿನಿಕ್ಕು, ಅಂಗಡಿಗಳಿಗೆ ನೆಟ್‌ವರ್ಕ್ ಮಾಡಿಕೊಡುವ ತಮ್ಮದೇ ಕಂಪನಿ. ಮೆಲ್ಬರ್ನಿನಲ್ಲಿರುವ ಪ್ರಾರ್ಥನಾ ಗಿರಾಕಿಗಳನ್ನು ಹುಡುಕುವುದು, ಶೀತಲ ಕೆಲಸ ನೋಡಿಕೊಳ್ಳುವುದು. ಮಲಪ್ರಭಾ ನೆಟ್‌ವರ್ಕ್ಸ್ ಎಂದು ಹೆಸರಿಟ್ಟವಳು ಮಲಪ್ರಭಾ ನದಿಯ ಸೀಮೆಯ ಸವದತ್ತಿಯಿಂದ ಬಂದ ಶೀತಲಳೇ. "ಇದ ನಮ್ಮ ಮೊದಲನೇ ಕೆಲಸ ಅಂತ ತಿಳಕೋ" ಎಂದು ಕಳೆದ ವಾರ ಪ್ರಾರ್ಥನಾ ಹೇಳಿದ್ದಳು. ಅದನ್ನು ನಂಬಿ ಗುರುವಾರ ಶೀತಲ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ತನ್ನ ಆಫೀಸಿನಲ್ಲಿ ರಾಜೀನಾಮೆ ಕೊಟ್ಟಿದ್ದಳು. ಆ ಸುದ್ದಿಯನ್ನು ಎದುರಿಗೇ ಹೇಳಬೇಕೆಂದು ಇಟ್ಟುಕೊಂಡಿದ್ದಳು. ಪ್ರಾರ್ಥನಾ ಊಟ ತರಲು ಹೋಗಿದ್ದಳು.

ಫೋನೆತ್ತಿದವನು ಗ್ರಾಹಕರ ಸಂಖ್ಯೆ ಕೇಳಿದ. ಅನಘಾ ಫೈಲಿನಿಂದ ಇಂಟರ್ನೆಟ್ ಕಂಪನಿಯ ಒಂದು ಪತ್ರ ತೆಗೆದುಕೊಟ್ಟಳು. ಪತ್ರದ ಮೇಲೆ ಖಾತೆದಾರರ ಹೆಸರು ಮಲಪ್ರಭಾ ನೆಟ್‌ವರ್ಕ್ಸ್ ಎಂದಿತ್ತು. ಶೀತಲಳಿಗೆ ಒಂದು ಕ್ಷಣ ಖುಷಿಯೇ ಆಯಿತು. ನನಗೆ ಗೊತ್ತಾಗದ ಹಾಗೆ ಕಂಪನಿ ಮಾಡಿಯೇ ಬಿಟ್ಟಿದ್ದಾಳೆ, ಊಟದ ಹೊತ್ತಿಗೆ ಹೇಳುತ್ತಾಳೆ ಅಂದುಕೊಂಡಳು. ನಗುತ್ತಲೇ ತನ್ನ ಹೆಸರು ಹೇಳಿದಳು.

ಅವನು ಕ್ಷಮೆ ಕೇಳಿದ. ಆ ಹೆಸರು ಖಾತೆಯಲ್ಲಿಲ್ಲ. ಕಂಪನಿಯ ನಿರ್ದೇಶಕರು ಇಬ್ಬರೇ, ಪ್ರಾರ್ಥನಾ ಮತ್ತು ಕೌಶಿಕ್. ಅವರಲ್ಲೊಬ್ಬರು ಮಾತಾಡಿದರೆ ಮಾತ್ರ ಪಾಸ್‌ವರ್ಡ್ ಬದಲಿಸಬಹುದು.

"ಕೌಶಿಕ್ ಯಾರ್ರಿ?" ಎಂದು ಶೀತಲ ಅನಘಾಳನ್ನು ಕೇಳಿದಳು.

"ಪ್ರಾರ್ಥನಾ ಅವರ ಬಿಸಿನೆಸ್ ಪಾರ್ಟ್ನರ್. ಫೆಬ್ರವರಿಯಲ್ಲಿ ಇಬ್ಬರೂ ಬಂದು ಜಾಗ ನೋಡ್ಕೊಂಡು ಹೋಗಿದ್ರು. ನಿಮಗೆ ಗೊತ್ತಿಲ್ವಾ?" ಅನಘಾ ತುಸು ಗೊಂದಲದಿಂದ ನೋಡಿದಳು. "ಸಿಡ್ನಿಯಿಂದ ಟೆಕ್ನಿಷಿಯನ್ ಒಬ್ರು ಬರ್ತಾರೆ ಅಂದಿದ್ರು."

ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ ಇತ್ತು.

ದೋಸೆಯ ಪೊಟ್ಟಣ ಹಿಡಿದು ಪ್ರಾರ್ಥನಾ ಬಾಗಿಲು ತಳ್ಳಿಕೊಂಡು ಬಂದಳು. ಶೀತಲ ಫೋನನ್ನು ಅವಳ ಕೈಗೆ ಕೊಟ್ಟಳು. "ನಿನ್ನ ಜೋಡಿನ ಮಾತಾಡ್ತಾರಂತ."

ಗುರುತಿಗಾಗಿ ಹುಟ್ಟಿದ ತಾರೀಖು ಹೇಳುವಾಗ ಪ್ರಾರ್ಥನಾಳ ದನಿ ಸಣ್ಣಗಾಯಿತು. ಹೊಸ ಪಾಸ್‌ವರ್ಡ್ ಬಂತು. ಶೀತಲ ಅದನ್ನು ಒತ್ತಿದಳು. ನಾಲ್ಕನೆಯ ದೀಪವೂ ಹಸಿರಾಯಿತು. ಅನಘಾ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿ, ಗಂಡನಿಗೆ ಫೋನ್ ಮಾಡಲು ಹೊರಗೆ ಹೋದಳು.

"ಹೇಳಬೇಕಂತನ ಇದ್ದೆ ಶೀತು" ಎಂದಳು ಪ್ರಾರ್ಥನಾ. "ಕೌಶಿಕ್ ನಾಲ್ಕು ಕ್ಲಿನಿಕ್ ತಂದ. ಅವಂಗ ಪಾಲು ಕೊಡದ ಹ್ಯಾಂಗ ಇರ್ಲಿ?"

"ಅವಂಗ ಕೊಡಬ್ಯಾಡ ಅಂದೆನೇನು? ನನ್ನ ಹೆಸರು ಎಲ್ಲೆದ?"

"ಅಷ್ಟು ಛಲೋ ನೌಕರಿ ಬಿಟ್ಟು ನೀ ಬರಾಕಿ ಅಲ್ಲ ಅಂತ ಅವ ಅಂದ. ನನಗೂ ಹಂಗ ಅನಿಸ್ತು. ಖರೇ ಹೇಳು, ಬಿಡ್ತಿದ್ದಿ ಏನು ನೀ?"

ಶೀತಲ ಬಾಯಿ ತೆರೆದಳು. ಗುರುವಾರದ ರಾಜೀನಾಮೆಯ ಮಾತು ನಾಲಿಗೆಯ ತುದಿಗೆ ಬಂತು. ಈಗ ಅದನ್ನು ಹೇಳಿದರೆ ಪ್ರಾರ್ಥನಾ ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಕೊನೆಗೆ ತಾನೇ ಅವಳನ್ನು ಸಮಾಧಾನ ಮಾಡಬೇಕಾಗುತ್ತದೆ. ಶೀತಲ ಹೇಳಲಿಲ್ಲ.

"ಫೆಬ್ರವರಿಯಿಂದ ಒಂದು ರವಿವಾರನೂ ತಪ್ಪಿಸಿಲ್ಲ ನಾವು" ಎಂದಳು. "ಹೋದ ವಾರನೂ ಲೋಗೋದ ಬಣ್ಣ ಯಾವುದಿರ್ಲಿ ಅಂತ ನನ್ನ ಕೇಳಿದಿ. ಯಾಕ ಕೇಳಿದಿ ಪ್ರಾರ್ಥನಾ?"

ಪ್ರಾರ್ಥನಾ ದೋಸೆಯ ಪೊಟ್ಟಣವನ್ನು ಟೇಬಲ್ಲಿನ ಮೇಲಿಟ್ಟಳು. "ಕೆಲಸ ಎಲ್ಲಾ ನಿನಗ ಕೊಡ್ತೀವಿ" ಎಂದಳು.

ಕೊಡ್ತೀವಿ ಎಂಬ ಮಾತಿನಲ್ಲಿ ತಾನಿಲ್ಲವೆಂದು ಶೀತಲಳಿಗೆ ತಿಳಿಯಿತು. ಉಳಿದ ಕೆಲಸವನ್ನು ಅವಳು ಒಂದೂ ಬಿಡದೆ ಮುಗಿಸಿದಳು. ರೋಗಿಗಳು ಕೂರುವಲ್ಲಿಗೆ ಬೇರೆ ವೈಫೈ ಮಾಡಿದಳು, ಪ್ರಿಂಟರಿನಿಂದ ಒಂದು ಹಾಳೆ ತೆಗೆದು ನೋಡಿದಳು. ರೂಟರಿನ ಮುಖ್ಯ ಪಾಸ್‌ವರ್ಡ್ ಬದಲಿಸಿ ಚೀಟಿಯಲ್ಲಿ ಬರೆದಳು. ಪ್ರಾರ್ಥನಾ ಕೈ ಚಾಚಿದಳು. "ಅದು ನಮ್ಮ ಕಡೆ ಇರ್ತದ."

"ಕ್ಲಿನಿಕ್ ಇವರದು" ಎಂದು ಶೀತಲ ಚೀಟಿಯನ್ನು, ಫೋನ್ ಮುಗಿಸಿ ಒಳಗೆ ಬಂದಿದ್ದ ಅನಘಾಳಿಗೆ ಕೊಟ್ಟಳು. "ಜ್ವಾಕಿಲೆ ಇಟ್ಟುಕೋರಿ. ಯಾರಿಗೆ ಕೊಡಬೇಕು ಅನ್ನೂದು ನಿಮಗ ಬಿಟ್ಟಿದ್ದು."

ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಬಿಡುತ್ತೇನೆಂದು ಪ್ರಾರ್ಥನಾ ರಸ್ತೆಯವರೆಗೂ ಹಿಂದೆ ಬಂದಳು. ಶೀತಲ ತಿರುಗಿ ನೋಡದೆ ಸ್ಟೇಷನ್ನಿನ ಕಡೆ ನಡೆದಳು.

ರವಿವಾರ ಸಿಡ್ನಿಯ ಪೆಂಡಲ್ ಹಿಲ್‌ನ ತನ್ನ ಮನೆಯಲ್ಲಿ ಫೋನ್ ಎರಡು ಸಲ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ಮ್ಯಾನೇಜರಿಗೆ ಹೇಳಬೇಕಾದ ಮಾತನ್ನು ದಿನವಿಡೀ ಮನಸ್ಸಿನಲ್ಲೇ ತಿದ್ದಿದಳು: ಆ ರಾಜೀನಾಮೆ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ?

ಸೋಮವಾರ ಮೆಟ್ರೋ ಇಳಿದು ಎಂದಿಗಿಂತ ಬೇಗನೆ ಆಫೀಸು ಸೇರಿದಳು. ಅವಳ ಮೇಜಿನ ಸುತ್ತ ನಾಲ್ಕೈದು ಸಹೋದ್ಯೋಗಿಗಳು ಬಗ್ಗಿ ನಿಂತಿದ್ದರು. ಮ್ಯಾನೇಜರ್ ಕೂಡ ಅಲ್ಲಿದ್ದ, ಕೈಯಲ್ಲಿ ಪೆನ್ನು. ಅವಳನ್ನು ಕಂಡದ್ದೇ ಯಾರೋ ದೊಡ್ಡದೊಂದು ಬಣ್ಣದ ಕಾರ್ಡನ್ನು ಅವಸರದಲ್ಲಿ ಫೈಲಿನಡಿ ತಳ್ಳಿದರು. ಎಲ್ಲರೂ ಒಟ್ಟಿಗೇ ಗುಡ್ ಮಾರ್ನಿಂಗ್ ಹೇಳಿ ನಕ್ಕರು. ಕಾರ್ಡಿನ ಒಂದು ಮೂಲೆ ಹೊರಗೇ ಉಳಿದಿತ್ತು. ಅಲ್ಲಿ ವಿದಾಯದ ಎರಡು ಮಾತಿನ ಕೆಳಗೆ ಯಾರದೋ ಸಹಿ ಅರ್ಧಕ್ಕೆ ನಿಂತಿತ್ತು.

ಶೀತಲ ಕಾಣದವಳ ಹಾಗೆ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ನಿಂತಳು, ಅವರು ಬರೆದು ಮುಗಿಸಲಿ ಎಂದು.