ಕ್ಯಾಪಿನ ಚೌಕಾಸಿ

"ನಿಮ್ದೂ ಬ್ಯಾಡ, ನಮ್ದೂ ಬ್ಯಾಡ. ಒಂಬತ್ತು ಸಾವಿರಕ್ಕ ಮುಗಿಸ್ರಿ ಡಾಕ್ಟ್ರ," ಎಂದು ವೈಜನಾಥರು ಕುರ್ಚಿಯ ಅಂಚಿಗೆ ಸರಿದರು. ಪಕ್ಕದಲ್ಲಿ ಹೆಂಡತಿ ಸೂಗಮ್ಮ ಕೆನ್ನೆ ಹಿಡಿದು ಕೂತಿದ್ದಳು.

ದೀಪ್ತಿ ಡಾಕ್ಟರಿಗೆ ನಗು ಬಂತು. ರಾಯಚೂರು ಕಡೆಯವರು, ನಾರಾಯಣಗೂಡದಲ್ಲಿ ಕ್ಲಿನಿಕ್ಕು. "ಕಾಕಾ, ಇದು ಸೀರಿ ಅಲ್ರಿ. ಹಲ್ಲಿನ ಕ್ಯಾಪ್ ಮಾಡೋ ಲ್ಯಾಬಿನವ್ರ ರೇಟ್ ಏರಿಸ್ಯಾರ. ಹತ್ತಕ್ಕ ಕಮ್ಮಿ ಆಗಂಗಿಲ್ರಿ."

ಶ್ರಾವಣದಲ್ಲಿ ಇದೇ ಕ್ಯಾಪಿಗೆ ಎಂಟು ಹೇಳಿದ್ದರು. ಸೂಗಮ್ಮನ ದವಡೆ ಹಲ್ಲಿನ ರೂಟ್ ಕೆನಾಲ್ ಮುಗಿದಿತ್ತು. ಕ್ಯಾಪ್ ಹಾಕಿಸದಿದ್ದರೆ ಹಲ್ಲು ಸೀಳುತ್ತದೆ ಎಂದೂ ಹೇಳಿದ್ದರು. ಆದರೆ ಸುಲ್ತಾನ್ ಬಜಾರಿನಲ್ಲಿ ಸೀರೆ ಮಾರಿ ತಲೆ ನೆರೆಸಿಕೊಂಡ ವೈಜನಾಥರು, ಸೀಜನ್ ಮುಗಿದ ಮೇಲೆ ಯಾವ ಮಾಲಿನ ರೇಟೂ ಇಳಿಯಲೇಬೇಕು ಎಂದು ಕಾದರು. ದೀಪಾವಳಿ ಕಳೆಯಿತು, ರೇಟು ಏರಿತು. ಹಲ್ಲುನೋವಿಗೆ ಸೀಜನ್ ಇಲ್ಲವೆಂದು ಅವರಿಗೆ ಯಾರು ಹೇಳಬೇಕು?

ಅಷ್ಟು ದಿನವೂ ಸೂಗಮ್ಮ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಂಡಳು. ಅವಳು ರೊಟ್ಟಿ ಕಡಿಯುವ ಕರುಮ್ ಕುರುಮ್ ಸದ್ದು ಪಕ್ಕದಲ್ಲಿಲ್ಲದೆ ವೈಜನಾಥರಿಗೂ ಊಟ ಸೇರುತ್ತಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಇವತ್ತು ಬೆಳಿಗ್ಗೆ ನೆನೆದ ರೊಟ್ಟಿಯ ಜೊತೆ ಹಲ್ಲಿನ ಚೂರೊಂದು ಬಂತು. ಇನ್ನಷ್ಟು ಮುರಿದರೆ ಕೀಳಿಸುವುದೇ ಗತಿ ಎಂದಿದ್ದರು ಡಾಕ್ಟರು.

ಆದರೂ ಹುಟ್ಟುಗುಣ ಬಿಡಬೇಕಲ್ಲ. "ಹಂಗಾರ ಬರ್ತೀವ್ರಿ," ಎಂದು ಎದ್ದೇಬಿಟ್ಟರು. ಎದ್ದು ಹೋದ ಗಿರಾಕಿಯನ್ನು ಮೆಟ್ಟಿಲಿಳಿಯುವಷ್ಟರಲ್ಲಿ ಕರೆಯುವುದು ಬಜಾರಿನ ಧರ್ಮ. ತಾವೇ ಎಷ್ಟು ಜನರನ್ನು ಹಾಗೆ ಕರೆದಿಲ್ಲ! ಹೊಸ ಮದುವಣಗಿತ್ತಿಯಂತೆ ಒಂದೊಂದೇ ಮೆಟ್ಟಿಲು ಇಳಿದರು. ಯಾರೂ ಕರೆಯಲಿಲ್ಲ. ಬೀದಿಗೆ ಬಂದು ತಿರುಗಿ ನೋಡಿದರೆ ಬೆನ್ನ ಹಿಂದೆ ಸೂಗಮ್ಮನೂ ಇರಲಿಲ್ಲ.

ಆಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಆ ಹಲ್ಲು ಹೋದರೆ ತಮ್ಮ ಹಟಕ್ಕೇ ಹೋದಂತೆ. ಮೇಲೆ ಹತ್ತೋಣವೆಂದರೆ ನಾಚಿಕೆ. ಕರೆಯದೆ ತಾವಾಗಿಯೇ ಮರಳಿ ಬಂದ ಗಿರಾಕಿಗಳನ್ನು ನೋಡಿ ಅವರು ಎಷ್ಟೋ ಸಲ ಮೀಸೆಯಲ್ಲೇ ನಕ್ಕಿದ್ದರು.

ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಸೂಗಮ್ಮ ತಲೆ ಹೊರಹಾಕಿದಳು. ಒಂದು ಕೈ ಕೆನ್ನೆಯ ಮೇಲಿತ್ತು. ಅಂಗಡಿಯಲ್ಲಿ ಇವರು ಕರೆಯುವ ಅದೇ ಧಾಟಿಯಲ್ಲಿ ಕರೆದಳು.

"ಹೊಳ್ಳಿ ಬರ್ರಿ ಸಾವಕಾರ್ರ. ನಿಮ್ದೂ ಬ್ಯಾಡ, ಡಾಕ್ಟರದೂ ಬ್ಯಾಡ. ನಾ ಹೇಳಿದ್ದು ಕೊಡ್ರಿ, ಹತ್ತು."

ವೈಜನಾಥರು ಮೊಣಕಾಲು ನೋವು ಮರೆತು ಮೆಟ್ಟಿಲು ಹತ್ತಿದರು.

ಕ್ಯಾಪ್ ಕೂಡಿಸಿದ ಮರುದಿನ ದಿಲ್‌ಸುಖ್‌ನಗರದ ಮನೆಯಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದರು. ಟಿ.ವಿ.ಯಲ್ಲಿ ಸುದ್ದಿ ಬರುತ್ತಿತ್ತು. ಸೂಗಮ್ಮ ಖಡಕ್ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಇಟ್ಟು ಬಾಯಿಯ ಬಳಿ ತಂದಳು. ವೈಜನಾಥರು ಕೈ ಚಾಚಿ ಟಿ.ವಿ. ಬಂದ್ ಮಾಡಿದರು.

"ಯಾಕ, ಸುದ್ದಿ ಕೇಳಂಗಿಲ್ಲೇನ್ರಿ?"

"ಬ್ಯಾಡ, ನೀ ತಿನ್ನು," ಎಂದು ಅವರು ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಕೂತರು.