ಅರ್ಕಾವತ್ತು

ಶಾಂತಿರಾಜಯ್ಯನವರು ಬೆಳಿಗ್ಗೆ ಕೋಣೆಗೆ ಬಂದವರೇ ಮೊದಲು ಮಾಡುತ್ತಿದ್ದ ಕೆಲಸ ಗೋಡೆಯಿಂದ ಪ್ಲಗ್ಗು ಕೀಳುವುದು. ಕಂಪ್ಯೂಟರಿಗೆ ಏನಾದರೊಂದು ಬರೆದಿಡಲು ಹೇಳಿ, ಅದು ಬರೆಯುತ್ತಿರುವಾಗಲೇ ಸೊಂಟ ಹಿಡಿದುಕೊಂಡು ಬಗ್ಗಿ ಕಿತ್ತುಬಿಡುತ್ತಿದ್ದರು. ಮತ್ತೆ ಸಿಕ್ಕಿಸಿ, 'ಕೊಟ್ಟಿದ್ದನ್ನ ಕೊಡಪ್ಪ, ನೋಡೋಣ' ಎಂದು ಕೇಳುತ್ತಿದ್ದರು. ಕೊಟ್ಟದ್ದು ಕೊಟ್ಟ ಹಾಗೇ ಬಂದರೆ ಕಾಫಿ. ಬರದಿದ್ದರೆ ಆ ದಿನ ಅವರಿಗೂ ಇಲ್ಲ, ನನಗೂ ಇಲ್ಲ.

ನಾವು ಮಾಡುತ್ತಿದ್ದುದಕ್ಕೆ ಅವರಿಟ್ಟ ಹೆಸರು 'ಗೂಡು'. ಹಳೆಯ ಮನೆಗಳ ಗೋಡೆಯಲ್ಲಿ ದೀಪಕ್ಕೆಂದು ಗೂಡು ಬಿಟ್ಟಿರುತ್ತಾರಲ್ಲ, ಹಾಗೆ ಇದು ಬೇರೆಯವರು ಬರೆದ ಪ್ರೋಗ್ರಾಮಿನ ಒಳಗೇ ಕೂತಿರುವ ಪುಟ್ಟ ಉಗ್ರಾಣ. ಒಂದು ಹೆಸರು ಹೇಳಿ ಏನಾದರೂ ಇಟ್ಟರೆ, ಅದೇ ಹೆಸರು ಹೇಳಿದಾಗ ತೆಗೆದುಕೊಡಬೇಕು. ಆ ಹೆಸರಲ್ಲಿ ಏನೂ ಇರದಿದ್ದರೆ 'ಇಲ್ಲ' ಅನ್ನಬೇಕು. ಇಷ್ಟೇ. ಈ ಇಷ್ಟಕ್ಕೆ ಅವರು ಹದಿಮೂರು ವರ್ಷ ಜೀವ ತೇದಿದ್ದರು. ಕೊನೆಯ ಆರು ವರ್ಷ ನಾನೂ ತೇದೆ.

ಕೇಳಿದವರಿಗೆಲ್ಲ ಗೂಡನ್ನು ಕೊಟ್ಟಿದ್ದರಿಂದ ಶಾಲೆಯಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲರೂ ಬಳಸುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಳಸಿದವರೆಲ್ಲ ದೂರುತ್ತಲೂ ಇದ್ದರು. ನಿಧಾನ ಅಂತ ಒಬ್ಬರು, ಜಾಗ ತಿನ್ನುತ್ತದೆ ಅಂತ ಇನ್ನೊಬ್ಬರು. ದೂರಿನ ಪತ್ರಗಳಿಗೆ ಉತ್ತರ ಬರೆಯುವ ಕೆಲಸ ನನ್ನದು. ಮೊದಲೆರಡು ವರ್ಷ ಪ್ರೀತಿಯಿಂದ ಬರೆದೆ, ಆಮೇಲೆ ಕರ್ತವ್ಯವೆಂದು ಬರೆದೆ, ಆಮೇಲಾಮೇಲೆ ಪತ್ರ ತೆರೆಯುವ ಮೊದಲೇ ಮೈ ಭಾರವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಆಸ್ಪತ್ರೆಯಿಂದ ಫೋನು ಬಂತು. ಪರ್ವತಮ್ಮ ಎಂಬ ನಿವೃತ್ತ ಟೀಚರಿಗೆ ಸಲ್ಫಾ ಮಾತ್ರೆ ಒಗ್ಗುತ್ತಿರಲಿಲ್ಲ. ಹಿಂದೊಮ್ಮೆ ಮೈಯೆಲ್ಲ ಗುಳ್ಳೆ ಎದ್ದಿದ್ದಾಗ ಆಸ್ಪತ್ರೆಯವರೇ ಅದನ್ನು ಬರೆದಿಟ್ಟುಕೊಂಡಿದ್ದರು, ನಮ್ಮ ಗೂಡಿನಲ್ಲೇ. ಈ ಸಲ ಆಕೆ ಜ್ವರದಲ್ಲಿ ಬಂದಾಗ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನರ್ಸು ಹೆಸರು ಹಾಕಿ ನೋಡಿದಳು. ಪರದೆಯ ಮೇಲೆ 'ಒಗ್ಗದ ಔಷಧಿ: ಇಲ್ಲ' ಎಂದಿತ್ತು. ಅದೇ ಮಾತ್ರೆ ಕೊಟ್ಟರು. ಈ ಸಲ ಗುಳ್ಳೆ ಕಣ್ಣಿನೊಳಗೂ ಎದ್ದವು. ಮೂರು ವಾರ ಒದ್ದಾಡಿದ ಮೇಲೆ ಪ್ರಾಣ ಉಳಿಯಿತು, ಕಣ್ಣು ಉಳಿಯಲಿಲ್ಲ.

ಶಾಂತಿರಾಜಯ್ಯನವರು ಆಸ್ಪತ್ರೆಯ ದಾಖಲೆ ತರಿಸಿಕೊಂಡು ಎರಡು ದಿನ ಹುಡುಕಿದರು. ಪ್ಲಗ್ಗು ಗೋಡೆಯಲ್ಲೇ ಇತ್ತು, ಕೀಳುವ ಮನಸ್ಸು ಅವರಿಗೆ ಬರಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು ಒಂದೇ ಹೆಸರನ್ನು ಎರಡು ಬಗೆಯಲ್ಲಿ ಕಾಗದದ ಮೇಲೆ ಬರೆದು ತೋರಿಸಿದರು. ಒಂದರಲ್ಲಿ ವ ಬರೆದು ಪಕ್ಕಕ್ಕೆ ಅರ್ಕಾವತ್ತು. ಇನ್ನೊಂದರಲ್ಲಿ ರ ಬರೆದು ಅದರ ಕೆಳಗೆ ವ ಒತ್ತು. ಮೊದಲ ಸಲ ಗುಮಾಸ್ತರು ಟೀಚರ್ ತಮ್ಮ ಕೈಯಾರೆ ಬರೆದ ಚೀಟಿ ನೋಡಿ ಒತ್ತಕ್ಷರದಲ್ಲೇ ಹಾಕಿದ್ದರು. ಎರಡನೆಯ ಸಲ ನರ್ಸು ಎಲ್ಲರಂತೆ ಅರ್ಕಾವತ್ತು ಹಾಕಿದ್ದಳು.

'ಎರಡೂ ಸರಿ ಕಣಮ್ಮ,' ಅಂದರು. 'ಮೂರನೇ ಕ್ಲಾಸಿನ ಮಗು ಕೂಡ ಎರಡನ್ನೂ ಒಂದೇ ಅಂತ ಓದುತ್ತೆ. ನನ್ನ ಗೂಡಿಗೆ ಮಾತ್ರ ಇದೊಬ್ಬ ಹೆಂಗಸು, ಅದೊಬ್ಬ ಹೆಂಗಸು.'

ಇದು ನನಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ಯಾವುದೋ ಶಾಲೆಯವರು ಬರೆದಿದ್ದರು: ಕೀರ್ತಿ ಎಂಬ ಹುಡುಗಿಯ ಅಂಕಪಟ್ಟಿ ಅರ್ಕಾವತ್ತು ಹಾಕಿದರೆ ಸಿಗುತ್ತದೆ, ಒತ್ತಕ್ಷರದಲ್ಲಿ ಬರೆದರೆ ಸಿಗುವುದಿಲ್ಲ, ದಯವಿಟ್ಟು ನೋಡಿ. ಅಂದು ಬಂದ ಇಪ್ಪತ್ತೊಂದು ಪತ್ರಗಳಲ್ಲಿ ಅದು ಕೊನೆಯದು. 'ಗೂಡಿನಲ್ಲಿ ದೋಷವಿಲ್ಲ. ಕೊಟ್ಟ ಹೆಸರು ಬೇರೆ' ಎಂದು ಒಂದು ಸಾಲು ಬರೆದು ಮುಚ್ಚಿದೆ. ಬರೆದದ್ದು ಸುಳ್ಳಲ್ಲ, ನೋಡಿ. ಕೈತೊಳೆದುಕೊಳ್ಳುವುದಕ್ಕೆ ನಿಜದಷ್ಟು ಒಳ್ಳೆಯ ನೀರು ಬೇರೆ ಸಿಗುವುದಿಲ್ಲ.

ಅವರು ತಿದ್ದಿದರು. ಹೋಲಿಸುವ ಮೊದಲು ಎರಡು ರೂಪವನ್ನೂ ಒಂದೇ ಮಾಡಿಕೊಳ್ಳುವ ಹನ್ನೊಂದು ಸಾಲು, ಊಟದ ಹೊತ್ತಿಗೆ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ, ಇಲ್ಲಿ ಒಡೆದದ್ದು ಮಾತ್ರ ಮಡಕೆಯಲ್ಲ. ಆಮೇಲೆ ಗೂಡು ಬಳಸುವ ಎಲ್ಲರಿಗೂ ಒಂದು ಪತ್ರ ಹೇಳಿ ಬರೆಸಿದರು. 'ಈ ಲೋಪವನ್ನು ಯಾರೂ ನಮ್ಮ ಗಮನಕ್ಕೆ ತಂದಿರಲಿಲ್ಲ. ಆದರೂ ಹೊಣೆ ಪೂರ್ತಿ ನನ್ನದು.' ಕೆಳಗೆ ಅವರ ಸಹಿ. ಆ ಮೊದಲ ಸಾಲನ್ನು ಟೈಪು ಮಾಡಿದ್ದು ನಾನೇ, ಒಂದಕ್ಷರ ತಪ್ಪಿಲ್ಲದೆ.

ಅಂದಿನಿಂದ ಅವರು ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಹೇಳಿಬಿಡಬೇಕೆಂದು ದಿನಾ ಹೊರಡುತ್ತಿದ್ದೆ, ಅವರ ಮುಖ ನೋಡಿ ನಾಲಿಗೆ ಹಿಂದೆ ಸರಿಯುತ್ತಿತ್ತು. ಮಗಳೆಂದು ತಿಳಿದಿದ್ದರು ನನ್ನನ್ನು. ಅದನ್ನು ಕಳೆದುಕೊಳ್ಳುವ ಭಯ ನನ್ನ ಬಾಯಿ ಕಟ್ಟಿತ್ತು.

ಭಾನುವಾರ ಮಧ್ಯಾಹ್ನ ಟೀಚರ ಮನೆಗೆ ಹೋಗೋಣ ಅಂದರು. ಟೀಚರ ತಂಗಿಯ ಮಗಳು ಬಾಗಿಲು ತೆಗೆದು, ಚಾಪೆ ಹಾಕಿ, ನೀರು ಕೊಟ್ಟು ಒಳಗೆ ಹೋದಳು. ಪರ್ವತಮ್ಮ ಟೀಚರ್ ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದರು. ಮುಖದ ಮೇಲೆ ಇನ್ನೂ ಕಲೆಗಳಿದ್ದವು. ಯಾರು, ಯಾಕೆ ಬಂದೆವು ಎಂದು ಶಾಂತಿರಾಜಯ್ಯನವರು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸಿಕೊಳ್ಳುವವರಂತೆ ಕೇಳಿಸಿಕೊಂಡು, ತಮ್ಮ ಹೆಸರನ್ನು ಯಾರಾದರೂ ತಪ್ಪು ಬರೆದಿದ್ದರೇ ಎಂದು ವಿಚಾರಿಸಿದರು.

'ಇಲ್ಲ ತಾಯಿ, ಯಾರೂ ತಪ್ಪು ಬರೆದಿರಲಿಲ್ಲ. ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವತ್ತೇ ಸರಿ ಮಾಡ್ತಿದ್ದೆ.'

ಆ ಮನುಷ್ಯ ಕೈಮುಗಿದುಕೊಂಡಿದ್ದರು, ಕಾಣದವರ ಎದುರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

'ಅವರಿಗೆ ಗೊತ್ತಿರಲಿಲ್ಲ,' ಅಂದೆ. 'ನನಗೆ ಗೊತ್ತಿತ್ತು.'

ಶಾಲೆಯ ಪತ್ರ, ನನ್ನ ಒಂದು ಸಾಲಿನ ಉತ್ತರ, ಎಲ್ಲವನ್ನೂ ಹೇಳಿದೆ. ಶಾಂತಿರಾಜಯ್ಯನವರು ಮುಗಿದ ಕೈಯನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ನನ್ನ ಕಡೆ ತಿರುಗಲಿಲ್ಲ.

'ಯಾಕಮ್ಮ ಹಾಗೆ ಮಾಡಿದೆ?' ಟೀಚರ್ ಕೇಳಿದರು.

ಏನೇನೋ ಹೇಳಬಹುದಿತ್ತು. 'ಸಾಕಾಗಿತ್ತು ಟೀಚರ್,' ಅಂದೆ.

'ಸಾಕಾಗುತ್ತೆ,' ಅಂದರು ಅವರು. 'ಅರವತ್ತು ಮಕ್ಕಳ ಕಾಪಿ ತಿದ್ದೋವಾಗ ನನಗೂ ಸಾಕಾಗ್ತಿತ್ತು. ಎಷ್ಟೋ ಸಲ ನೋಡದೇನೇ ಸರಿ ಹಾಕಿದೀನಿ. ಆದರೆ ಅದರಿಂದ ಯಾರ ಕಣ್ಣೂ ಹೋಗಲಿಲ್ಲ.'

ಟೀಚರ್ ನನ್ನ ದನಿ ಬಂದ ದಿಕ್ಕಿಗೆ ಅಂಗೈ ಚಾಚಿದರು.

'ಬರಿ. ನನ್ನ ಹೆಸರು. ಎರಡು ಥರಾನೂ.'

ಹತ್ತಿರ ಸರಿದು ಬೆರಳಿನಿಂದ ಬರೆದೆ. ಮೊದಲು ರ, ಅದರ ಕೆಳಗೆ ವ ಒತ್ತು. 'ಇದು ನಾನು,' ಅಂದರು. ಅಂಗೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಚಾಚಿದರು. ಈ ಸಲ ವ ಬರೆದು, ಪಕ್ಕದಲ್ಲಿ ಅರ್ಕಾವತ್ತನ್ನು ಸುತ್ತಿ ಎಳೆದೆ. ಎಳೆದು ಮುಗಿಯುವ ಮೊದಲೇ ಅವರು ಕೈ ಮುಚ್ಚಿದರು. ನನ್ನ ಬೆರಳು ಆ ಮುಷ್ಟಿಯೊಳಗೇ ಉಳಿಯಿತು. ಒಳಗಿನಿಂದ ಕಾಫಿ ಬಂತು, ಆರಿತು. ಅವರು ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ.