ಇಪ್ಪತ್ತೈದು ಮನೆಯ ಲೆಕ್ಕ

ಕೊಟ್ಟೂರಿನ ಬೇಸಿಗೆ ಗಣಿತ ಶಿಬಿರಕ್ಕೆ ಬಂದ ಮೂರನೇ ದಿನವೇ ಭರಮಮ್ಮ ಅಡುಗೆಯ ಅಂಜಿನಕ್ಕನ ಫೋನು ಇಸಿದುಕೊಂಡು ಅಪ್ಪನಿಗೆ ಹಚ್ಚಿದಳು.

"ಅಪ್ಪ, ಬಂದು ಕರ್ಕೊಂಡು ಹೋಗು. ನನ್ ಕೈಲಿ ಆಗಂಗಿಲ್ಲ."

ಅಷ್ಟು ಹೇಳಿ ಅಳತೊಡಗಿದಳು. ಅಪ್ಪ ಹುಲುಗಣ್ಣ ಆಗ ತಂಬ್ರಹಳ್ಳಿ ಕಡೆ ಕುರಿ ಮೇಯಿಸುತ್ತಿದ್ದ. "ಐತಾರ ಬರ್ತೀನಿ. ಅಲ್ಲೀತನ ತಡ್ಕೋ ಅವ್ವ," ಎಂದ.

ಅವಳ ಅಳುವಿಗೆ ಕಾರಣವಿತ್ತು. ಕಾನಹೊಸಹಳ್ಳಿಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿಯ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು ತೆಗೆದ ಹುಡುಗಿ ಅವಳು. ಇಲ್ಲಿ ಮೊದಲ ದಿನದ ಪರೀಕ್ಷೆಯಲ್ಲಿ ಬಂದದ್ದು ಮೂವತ್ತಕ್ಕೆ ಎರಡು. ಒಲಿಂಪಿಯಾಡಿಗೆ ತಯಾರು ಮಾಡಲು ಐದು ತಾಲೂಕಿನಿಂದ ಆರಿಸಿ ತಂದ ನಲವತ್ತು ಮಕ್ಕಳಲ್ಲಿ ಅವಳದೇ ಕೊನೆಯ ಹೆಸರು. ಹರಪನಹಳ್ಳಿಯ ಬಸವೇಶ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದ. ಇವಳಿಗೆ ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಶಿಬಿರ ನಡೆಸುತ್ತಿದ್ದ ನಿವೃತ್ತ ಮೇಷ್ಟ್ರು ಪಾಲಾಕ್ಷಪ್ಪನವರು ಅವಳ ಉತ್ತರಪತ್ರಿಕೆ ನೋಡಿ ಒಂದೇ ಮಾತು ಹೇಳಿದ್ದರು. "ನೀ ನಿಧಾನ ಅದಿ. ನಿಧಾನ ಇರೋದು ತಪ್ಪಲ್ಲ."

ನಾಲ್ಕನೇ ದಿನ ಹೊರಗಿನಿಂದ ಪಾಠಕ್ಕೆ ಬಂದಿದ್ದ ಪ್ರವೀಣಕುಮಾರ್ ಬೋರ್ಡಿನ ಮೇಲೆ ಚೌಕಾಬಾರದ ಮನೆಯಂತೆ ಐದು ಸಾಲು, ಸಾಲಿಗೆ ಐದು ಮನೆ ಬರೆದರು. ಪಕ್ಕದಲ್ಲಿ ಮೂರು ಮನೆಯಷ್ಟು ದೊಡ್ಡದಾದ, ಇಂಗ್ಲಿಷಿನ ಎಲ್ ಅಕ್ಷರದಂತೆ ಮೂಲೆ ತಿರುಗಿದ ಒಂದು ತುಂಡು.

"ಇಂಥ ಎಂಟು ತುಂಡು ಕೂರಿಸಿದರೆ ಇಪ್ಪತ್ನಾಲ್ಕು ಮನೆ ತುಂಬುತ್ತವೆ, ಒಂದು ಖಾಲಿ ಉಳಿಯುತ್ತದೆ. ಯಾವ ಯಾವ ಮನೆ ಖಾಲಿ ಉಳಿಯಬಹುದು? ಯಾವುದು ಉಳಿಯಲಾರದು? ಯಾಕೆ? ಭಾನುವಾರದವರೆಗೆ ಯೋಚನೆ ಮಾಡಿ."

ಈ ಪ್ರಶ್ನೆ ಅವಳಿಗೆ ಪೂರ್ತಿ ಅರ್ಥವಾಯಿತು. ಅಡುಗೆಮನೆಯ ರಟ್ಟಿನ ಡಬ್ಬಿ ಬೇಡಿ ತಂದು ಎಂಟು ತುಂಡು ಕತ್ತರಿಸಿದಳು. ಊಟವಾದ ಮೇಲೆ ಮಿಕ್ಕವರು ಫ್ಯಾನಿನ ಕೆಳಗೆ ಉರುಳಿದರೆ, ಇವಳು ಬೇವಿನ ನೆರಳಿನಲ್ಲಿ ಕೂತು ತುಂಡು ಕೂರಿಸುವುದು, ಕೆಡಿಸುವುದು, ಮತ್ತೆ ಕೂರಿಸುವುದು. ಪೂರ್ತಿ ಕೂತಾಗಲೆಲ್ಲ ಖಾಲಿ ಉಳಿದ ಮನೆಗೆ ಅದೇ ಅಳತೆಯ ಇಪ್ಪತ್ತೈದು ಮನೆ ಬರೆದ ಬೇರೊಂದು ಹಾಳೆಯಲ್ಲಿ ಇದ್ದಲಿನಿಂದ ಚುಕ್ಕೆ ಇಡುತ್ತಿದ್ದಳು. ಮನೆಗೆ ಹೋಗುವ ಮಾತು ಯಾವಾಗ ಮರೆತುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಶನಿವಾರ ಮಧ್ಯಾಹ್ನ ಹಾಳೆ ನೋಡಿದಳು. ಒಂಬತ್ತು ಚುಕ್ಕೆ: ನಾಲ್ಕು ಮೂಲೆ, ನಾಲ್ಕು ಅಂಚಿನ ನಡುಮನೆ, ಒಂದು ನಟ್ಟನಡುವಿನ ಮನೆ. ಉಳಿದ ಹದಿನಾರರಲ್ಲಿ ಒಂದೂ ಇಲ್ಲ. ಗಾಳಿಗೆ ಹಾಳೆ ಹಾರದಿರಲೆಂದು ಮೇಲೊಂದು ರಟ್ಟಿನ ತುಂಡು ಇಟ್ಟಳು. ಅದು ಒಂದು ಚುಕ್ಕೆಯನ್ನು ಮುಚ್ಚಿತು. ಸರಿಸಿದಳು, ಮತ್ತೆ ಒಂದೇ. ತಿರುಗಿಸಿದಳು, ಒಂದೂ ಇಲ್ಲ. ಎಲ್ಲಿಟ್ಟರೂ ಎರಡು ಚುಕ್ಕೆ ಅದರಡಿ ಬೀಳಲೊಲ್ಲದು.

ತುಂಡು ಎಂಟು. ಚುಕ್ಕೆ ಒಂಬತ್ತು.

ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು.

ಭಾನುವಾರ ಬಸವೇಶನೇ ಮೊದಲು ಬೋರ್ಡಿಗೆ ಹೋದ. ಒಂದು ಮನೆ ಖಾಲಿ ಉಳಿಯಲಾರದು ಎಂದು ತೋರಿಸಲು ಅರ್ಧ ಬೋರ್ಡು ತುಂಬಿಸಿದ. "ಹಿಂಗೇ ಇನ್ನ ಹದಿನೈದು ಮನಿ ನೋಡಬೇಕು ಸರ್," ಎಂದು ಬೆವರೊರೆಸಿಕೊಂಡ.

"ಬೇರೆ ಯಾರಾದರೂ?" ಎಂದರು ಪ್ರವೀಣಕುಮಾರ್.

ಭರಮಮ್ಮ ಎದ್ದಳು. ಅದೇ ಹೊತ್ತಿಗೆ ಹೆಗಲ ಮೇಲೆ ಕಂಬಳಿ ಹೊತ್ತು ಹುಲುಗಣ್ಣ ಬಾಗಿಲಿಗೆ ಬಂದ. ಪಾಲಾಕ್ಷಪ್ಪನವರು ಕುರ್ಚಿ ತೋರಿಸಿದರು. ಅವನು ನಿಂತೇ ಇದ್ದ.

ಅವಳು ಬೋರ್ಡಿನ ಮಿಕ್ಕ ಅರ್ಧದಲ್ಲಿ ಇಪ್ಪತ್ತೈದು ಮನೆ ಬರೆದು ಒಂಬತ್ತು ಚುಕ್ಕೆ ಇಟ್ಟಳು.

"ಯಾವ ಎರಡು ಚುಕ್ಕಿ ತಗೊಂಡ್ರೂ ನಡುವ ಮನಿ ಐತ್ರಿ. ಒಂದು ತುಂಡು ಎರಡು ಚುಕ್ಕಿ ಮುಚ್ಚಾಕ ಆಗಂಗಿಲ್ರಿ. ಎಂಟು ತುಂಡು ಹೆಚ್ಚಂದ್ರ ಎಂಟು ಚುಕ್ಕಿ ಮುಚ್ತಾವ. ಒಂಬತ್ತನೇದು ಬಯಲಾಗ ಉಳೀತೈತಿ. ಖಾಲಿ ಉಳಿಯೋದು ಒಂದ ಮನಿ ಅಂದಮ್ಯಾಲ ಅದು ಚುಕ್ಕಿ ಮನೀನ ಆಗಬೇಕ್ರಿ. ಉಳಿದ ಹದಿನಾರು ನೋಡಾದ ಬ್ಯಾಡ."

ಬಾಗಿಲಿನಿಂದ ಹುಲುಗಣ್ಣನ ದನಿ ಬಂತು.

"ಅಲ್ಲವ್ವ, ಆ ಒಂಬತ್ತೂ ಖಾಲಿ ಬಿಡಾಕ ಬರ್ತಾವೇನು? ನೋಡಿಯಿಲ್ಲ?"

ಯಾರೋ ಕಿಸಕ್ಕೆಂದರು. ಪ್ರವೀಣಕುಮಾರ್ ನಗಲಿಲ್ಲ. "ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ನೀವು ಕೇಳಿದಿರಿ," ಎಂದರು.

"ನೋಡೀನಪ್ಪ," ಎಂದು ಅವಳು ಮೂಲೆಗೊಂದು, ಅಂಚಿಗೊಂದು, ನಡುವಿಗೊಂದು ಹೀಗೆ ಮೂರು ಚಿತ್ರ ಬರೆದಳು. "ಉಳಿದವಕ್ಕ ಹಾಳಿ ತಿರುಗಿಸಿದ್ರ ಆತು."

ಪ್ರವೀಣಕುಮಾರ್ ಆ ಒಂಬತ್ತು ಚುಕ್ಕೆಗೂ ಸುತ್ತು ಹಾಕಿದರು. "ನನಗಿದು ಗೊತ್ತಾಗಿದ್ದು ಕಾಲೇಜಿನಲ್ಲಿ. ಅದೂ ಬೇರೆಯವರು ಹೇಳಿಕೊಟ್ಟು. ನೀನು ನೀನೇ ಕಂಡುಕೊಂಡೆ."

ಡೆಸ್ಕುಗಳು ದಡಬಡ ಬಡಿದವು. ಮಿಕ್ಕ ಮೂವತ್ತೊಂಬತ್ತು ಮಕ್ಕಳ ಕೈಯೂ ಅವುಗಳ ಮೇಲಿತ್ತು. ಪಾಲಾಕ್ಷಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ತೆಗೆದರು. ಬಸವೇಶ ಎದ್ದು ಹೋಗಿ ತಾನು ಬರೆದದ್ದನ್ನೆಲ್ಲ ತಾನೇ ಅಳಿಸಿ, ಅವಳ ಚುಕ್ಕೆಗಳನ್ನು ನೋಟುಬುಕ್ಕಿಗೆ ಇಳಿಸಿಕೊಂಡ. ಆಮೇಲೆ ಅವಳ ಹತ್ತಿರ ಬಂದ.

"ಏಳು ಸಾಲು, ಸಾಲಿಗೆ ಏಳು ಮನಿ ಇದ್ರ?"

"ಅಲ್ಲಿ ಇದು ನಡಿಯಂಗಿಲ್ಲ. ತುಂಡೂ ಹದಿನಾರು, ಚುಕ್ಕೀನೂ ಹದಿನಾರು. ಬೇರೆ ಏನರ ಹುಡುಕಬೇಕು. ಬಾ, ರಟ್ಟು ಕತ್ತರಿಸೋಣು."

ಅಪ್ಪ ಅಂಗಳದಲ್ಲಿ ಕಾಯುತ್ತಿದ್ದ. ಅವಳು ಓಡಿ ಬಂದಳು.

"ಚೀಲ ಎಲ್ಲೈತಿ? ತರ್ಲೇನು?" ಎಂದ.

"ಚೀಲ ಯಾಕ?"

"ನೀನ ಅಲ್ಲೇನವ್ವ ಫೋನ್ ಮಾಡಿ ಅತ್ತಾಕಿ?"

"ನಾ ಯಾವಾಗ ಅತ್ತಿದ್ದೆ?"

ಹುಲುಗಣ್ಣ ಗೊಳ್ಳೆಂದು ನಕ್ಕ. ಅಂಜಿನಕ್ಕ ಕೊಟ್ಟ ಮಂಡಕ್ಕಿ ಒಗ್ಗರಣಿ ತಿಂದು, ನೀರು ಕುಡಿದು, ಮಗಳ ತಲೆಯ ಮೇಲೆ ಕೈಯಿಟ್ಟು ಒಬ್ಬನೇ ಬಸ್ ಸ್ಟ್ಯಾಂಡಿನತ್ತ ನಡೆದ. ಬಸ್ಸಿನಲ್ಲಿ ಪಕ್ಕ ಕೂತವನ ಅಂಗೈ ಹಿಡಿದು, "ಇಲ್ನೋಡಣ್ಣ, ತುಂಡು ಎಂಟು, ಚುಕ್ಕಿ ಒಂಬತ್ತು," ಎಂದು ಬೆರಳಿನಿಂದ ಬರೆದು ತೋರಿಸತೊಡಗಿದ.